ಬೋರಗಾಂವದ ದಪ್ಪ ಹನಿಗಳು

ಮೇ 22, ಗುರುವಾರ

ನಾನು ಗಣಿತದಲ್ಲಿ ಫೇಲಾಗಿಲ್ಲ. ಎರಡು ವರ್ಷದಿಂದ ಮನೆಯಲ್ಲಿ, ಓಣಿಯಲ್ಲಿ, ಮದುವೆಗೆ ಬಂದ ನೆಂಟರ ಮುಂದೆ ಫೇಲಾದೆ ಎಂದೇ ಹೇಳಿಕೊಂಡು ಬಂದಿದ್ದೇನೆ. ನಿಜ ಏನೆಂದರೆ ಹತ್ತನೇ ತರಗತಿಯ ಆ ಪರೀಕ್ಷೆಯನ್ನು ನಾನು ಬರೆಯಲೇ ಇಲ್ಲ. ಪರೀಕ್ಷೆಯ ಊರು ಬಂದಾಗ ಗೆಳತಿಯರೆಲ್ಲ ಬಸ್ಸಿನಿಂದ ಇಳಿದರು, ನಾನು ಇಳಿಯಲಿಲ್ಲ. ಸೀದಾ ನಿಪ್ಪಾಣಿಗೆ ಹೋಗಿ, ಸ್ಟ್ಯಾಂಡಿನಲ್ಲಿ ಎರಡು ವಡಾಪಾವ್ ತಿಂದು, ಸಂಜೆ ವಾಪಸ್ಸು ಬಂದೆ. ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು. ಮೂರು ತಾಸು ಒಂದೇ ಬೆಂಚಿನ ಮೇಲೆ ಕೂರಬೇಕಲ್ಲ, ಅದನ್ನು ನೆನೆದೇ ಕಾಲು ಜುಮ್ಮೆನ್ನುತ್ತಿತ್ತು.

ನಾನು ಸುಳ್ಳು ಹೇಳುವವಳಲ್ಲ. ಮದುವೆಯ ಬಿರಿಯಾನಿಗೆ ಉಪ್ಪು ಹೆಚ್ಚಾಗಿದ್ದರೆ ಮದುಮಗಳ ಅಪ್ಪನಿಗೇ ಹೇಳುವವಳು. ಅದಕ್ಕೇ ಅಮ್ಮಿ ನನ್ನನ್ನು ಮದುವೆಗಳಿಗೆ ಕರೆದೊಯ್ಯುವುದು ಬಿಟ್ಟಿದ್ದಾಳೆ. ಜೀವನದಲ್ಲಿ ಹೇಳಿದ್ದು ಇದೊಂದೇ ಸುಳ್ಳು, ಅದೂ ದೊಡ್ಡದೇ ಆಯಿತು. ನಾನು ಫೇಲಾದೆ ಎಂದಾಗ ಅಬ್ಬಾ ಗಣಿತದ ಹಾಲಸಿದ್ದ ಮಾಸ್ತರರ ಬಾಗಿಲಿಗೆ ಹೋಗಿ, ಮಕ್ಕಳಿಗೆ ಕಲಿಸುವ ಯೋಗ್ಯತೆ ನಿಮಗಿಲ್ಲ ಎಂದು ನಾಲ್ಕು ಜನರ ಮುಂದೆ ಬೈದು ಬಂದರು. ಅವತ್ತಿನಿಂದ ಮಾಸ್ತರರು ನಮ್ಮ ಓಣಿಯಲ್ಲಿ ನಡೆಯುವುದಿಲ್ಲ, ಹಿಂದಿನ ಹೊಲದ ದಾರಿಯಲ್ಲಿ ಸುತ್ತಿ ಹೋಗುತ್ತಾರೆ.

ಇಷ್ಟನ್ನು ಎಲ್ಲಾದರೂ ಇಳಿಸಬೇಕಿತ್ತು. ಇವತ್ತು ಹೊಸ ನೋಟ್‌ಬುಕ್ ಸಿಕ್ಕಿತು. ಮುಂದಿನ ಪುಟಗಳು ಮಳೆಗೆ, ಹಿಂದಿನವು ನನಗೆ. ನೋಟ್‌ಬುಕ್ಕನ್ನು ಹಿಂದಿನಿಂದ ಯಾರೂ ತೆರೆಯುವುದಿಲ್ಲ.

ನೋಟ್‌ಬುಕ್ ತಂದುಕೊಟ್ಟವನು ಅಮೋಲ. ಕರೋಶಿಯ ಹತ್ತಿರ ಒಂದು ದಿಬ್ಬದ ಮೇಲೆ ಮಳೆ ನೋಡುವ ರಾಡಾರ್ ಬಂದು ನಿಂತಿದೆಯಂತೆ, ಟ್ರಕ್ಕಿನ ಮೇಲೆ. ಆ ಟ್ರಕ್ ಓಡಿಸುವವನು ಅವನು. ರಾಡಾರ್ ಹೇಳಿದ್ದು ಸರಿಯೋ ತಪ್ಪೋ ಎಂದು ನೆಲದ ಮೇಲೆ ನಿಂತು ನೋಡಲು ಊರೂರಲ್ಲಿ ಒಬ್ಬೊಬ್ಬರು ಬೇಕಂತೆ. ಎತ್ತರದ ಮಾಳಿಗೆ, ಇಡೀ ದಿನ ಮನೆಯಲ್ಲಿರುವ ಮನುಷ್ಯ. ನಮ್ಮದು ಕೆಳಗೆ ನಾಲ್ಕು ಕರೆಂಟ್ ಮಗ್ಗದ ಖೋಲಿ, ಮೇಲೆ ಬಯಲು ಸ್ಲ್ಯಾಬ್. ಇಡೀ ದಿನ ಮನೆಯಲ್ಲಿ ಕಂಡಿಕೆ, ಅಂದರೆ ಲಾಳಿಯ ಕಡ್ಡಿಗೆ ನೂಲು, ಸುತ್ತುತ್ತ ಕೂರುವವಳು ನಾನು. ಕೂರುವವಳು ಎಂದರೆ ಹತ್ತು ಸಲ ಏಳುವವಳು.

ಫಾರ್ಮಿನಲ್ಲಿ ಶಿಕ್ಷಣ ಎಂದಿದ್ದಲ್ಲಿ 'ಹತ್ತನೇ ತರಗತಿ' ಎಂದು ಬರೆದೆ. ಹತ್ತನೇ ತರಗತಿಯವರೆಗೆ ಓದಿದ್ದೇನಲ್ಲ. ಸುಳ್ಳಲ್ಲ. ನಿಜವೂ ಅಷ್ಟೇನಲ್ಲ.

ಕೆಲಸದ ಮುಖ್ಯಸ್ಥೆ ಮನೀಷಾ ಮೇಡಂ ಫೋನಿನಲ್ಲಿ ಎರಡೇ ನಿಯಮ ಹೇಳಿದರು. ಒಂದು ರೀಡಿಂಗ್ ತಪ್ಪಿದರೆ 'ತಪ್ಪಿತು' ಎಂದು ಬರೆಯಬೇಕು, ಅಂದಾಜು ಹಾಕಬಾರದು. ಚೆಂದದ ಅಕ್ಷರದಲ್ಲಿ ನಕಲು ಮಾಡಿ ಕೊಡಬಾರದು, ಆವತ್ತು ಬರೆದ ಪುಟವೇ ಬೇಕು, ಚಹಾದ ಕಲೆ ಬಿದ್ದಿದ್ದರೂ ಅಡ್ಡಿಯಿಲ್ಲ. ಇಂಥ ಶಾಲೆ ಇದ್ದಿದ್ದರೆ ನಾನು ಬಸ್ಸಿನಿಂದ ಇಳಿಯುತ್ತಿದ್ದೆ.

ಮೇ 26, ಸೋಮವಾರ

ಮೊದಲ ಮಳೆ. ಕೆಲಸ ಹೇಳಿದರೆ ಯಾರೂ ನಂಬುವುದಿಲ್ಲ. ಜರಡಿ ಹಿಡಿದ ಮೈದಾ ಹಿಟ್ಟನ್ನು ಪರಾತದಲ್ಲಿ, ಅಂದರೆ ಅಗಲ ತಟ್ಟೆಯಲ್ಲಿ, ಒಂದು ಬೆರಳು ದಪ್ಪ ಹರವಬೇಕು, ಮೇಲೆ ಮುಚ್ಚಳ. ಮಳೆ ಬಂದಾಗ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು, ಐದು ಎಣಿಸಿ, ಮುಚ್ಚಬೇಕು. ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದು ಕಾಳಾಗುತ್ತದೆ. ಪರಾತ ಒಣಗಲು ಬಿಟ್ಟು, ಆಮೇಲೆ ಮೂರು ಜರಡಿಯಲ್ಲಿ ಸೋಸಿ, ಕಾಳು ಎಣಿಸಬೇಕು. ಜರಡಿಗಳಿಗೆ ಅವರು ನಂಬರು ಕೊಟ್ಟಿದ್ದಾರೆ, ನಾನು ಸಣ್ಣ ಕಾಳಿನಿಂದ ದಪ್ಪ ಕಾಳಿನವರೆಗೆ ಗಸಗಸೆ, ಸಾಸಿವೆ, ಜೋಳ ಎಂದು ಹೆಸರಿಟ್ಟಿದ್ದೇನೆ.

ಅಮ್ಮಿ ಮಾಳಿಗೆಗೆ ಬಂದು, ತಿನ್ನುವ ಹಿಟ್ಟನ್ನು ಮಳೆಗೆ ಒಡ್ಡುವವರನ್ನು ಈವರೆಗೆ ನೋಡಿರಲಿಲ್ಲ ಎಂದಳು. ಬೈದಳೋ ಮೆಚ್ಚಿದಳೋ ತಿಳಿಯಲಿಲ್ಲ.

ಗುಡುಗಿದ ತಕ್ಷಣ ಕರೆಂಟ್ ಹೋಯಿತು. ನಾಲ್ಕು ಮಗ್ಗವೂ ಒಮ್ಮೆಲೇ ನಿಂತವು. ಊರಿನ ಎಲ್ಲ ಮಗ್ಗ ನಿಂತರೆ ಬೋರಗಾಂವ ಬೇರೆಯೇ ಊರು. ಮಳೆಯ ಸದ್ದು ನಮಗೆ ಕೇಳುವುದು ಆಗ ಮಾತ್ರ. ಇನ್ನು ಮೇಲೆ ಕರೆಂಟ್ ಹೋದಾಗಲೆಲ್ಲ ಇಲ್ಲಿ ಅಂಚಿನಲ್ಲಿ ತಾರೀಖು ಬರೆದಿಡುತ್ತೇನೆ, ಹಬ್ಬ ಬರೆದಿಟ್ಟ ಹಾಗೆ.

ಜೋಳ ಮೂರೇ ಮೂರು. ಉಳಿದದ್ದು ಗಸಗಸೆ, ಸಾಸಿವೆ. ರಾಡಾರ್ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು ಎಂದು ಅಮೋಲ ಫೋನು ಮಾಡಿದ. ಒಂದು ಮಗ್ಗದ ಮನೆಯ ಪರಾತವೂ ಟ್ರಕ್ಕಿನ ಮೇಲಿನ ಯಂತ್ರವೂ ಒಂದೇ ಮಾತು ಹೇಳಿದವಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅದನ್ನೇ ನೆನೆದು ನಗುತ್ತಿದ್ದೆ.

ಜೂನ್ 3

ಬಿಸಿಲು. ಕಂಡಿಕೆ ಸುತ್ತಿದೆ.

ಜೂನ್ 8, ಭಾನುವಾರ

ಹಬ್ಬದ ಮರುದಿನ. ಅಮ್ಮಿಯೊಂದಿಗೆ ರಾಡಾರ್ ನೋಡಲು ಹೋಗಿದ್ದೆ. ಮಗಳು ಯಾವ ಜನರ ಕೆಲಸ ಮಾಡುತ್ತಿದ್ದಾಳೆ ಎಂದು ಅವಳಿಗೆ ನೋಡಬೇಕಿತ್ತು. ಮನೀಷಾ ಮೇಡಂ ನಿಪ್ಪಾಣಿಯವರೇ ಎಂದು ತಿಳಿದು ಅಮ್ಮಿಗೆ ಅರ್ಧ ಸಮಾಧಾನ. ಇನ್ನೂ ಮದುವೆಯಾಗಿಲ್ಲ ಎಂದು ತಿಳಿದು ಆ ಅರ್ಧವೂ ಹೋಯಿತು. ಒಯ್ದಿದ್ದ ಶೀರಾ ತಿಂದು ಅವರು ಇನ್ನೊಂದು ಬಾರಿ ಕೇಳಿದ ಮೇಲೆ ಎಲ್ಲ ಸರಿಹೋಯಿತು.

ರಾಡಾರ್ ಎಂದರೆ ದೊಡ್ಡ ಕಡಾಯಿ. ಸುತ್ತುತ್ತ ಅಲೆ ಬಿಡುತ್ತದೆ, ಹನಿಗೆ ತಾಗಿ ಮರಳಿದ್ದನ್ನು ಹಿಡಿಯುತ್ತದೆ. ಸಾದಾ ರಾಡಾರಿಗೆ ಒಂದೇ ಬಗೆಯ ಅಲೆ. ಇದಕ್ಕೆ ಎರಡು, ಅಡ್ಡ ಅಲುಗಾಡುವುದು ಒಂದು, ಉದ್ದ, ಅಂದರೆ ಮೇಲೆ ಕೆಳಗೆ, ಅಲುಗಾಡುವುದು ಒಂದು. ಮಗ್ಗದ ನೂಲಿನ ಹಾಸು ಹೊಕ್ಕು ಇದ್ದ ಹಾಗೆ ಎಂದೆ. ಮನೀಷಾ ಮೇಡಂ ಚಮಚ ಕೆಳಗಿಟ್ಟು ನನ್ನನ್ನು ನೋಡಿದರು. ತಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡಲು ಎರಡು ದಿನ ಹಿಡಿಯುತ್ತದಂತೆ.

ಆಮೇಲೆ ಮಳೆಹನಿಯ ಆಕಾರ ಹೇಳಿದರು. ಚಿತ್ರದಲ್ಲಿ ಬರೆಯುತ್ತಾರಲ್ಲ, ಮೇಲೆ ಚೂಪು, ಕೆಳಗೆ ದುಂಡು, ಹಾಗೆ ಇರುವುದೇ ಇಲ್ಲವಂತೆ.

“ಸಣ್ಣ ಹನಿ ಗುಂಡಗ ಇರತೈತಿ,” ಎಂದರು. “ದೊಡ್ಡದಾದಂಗ ಕೆಳಗಿಂದ ಗಾಳಿ ಒತ್ತತೈತಿ ನೋಡು, ಬುಡ ಚಪ್ಪಟ ಆಗತೈತಿ. ನಮ್ಮ ವಡಾಪಾವಿನ ಪಾವ್ ಇರತೈತಲ್ಲ, ಥೇಟ್ ಹಂಗ.”

ವಡಾಪಾವ್ ಎಂದ ಕೂಡಲೇ ನನ್ನ ಕಿವಿ ಬಿಸಿಯಾಯಿತು. ಅವರಿಗೆ ಏನೂ ಗೊತ್ತಿಲ್ಲ, ಆದರೂ.

ಹನಿ ಬೀಳುವಾಗ ಸ್ವಲ್ಪ ತೊನೆಯುತ್ತದೆ, ಆದರೆ ಪಾವನ್ನು ತಟ್ಟೆಯಲ್ಲಿ ಇಟ್ಟ ಹಾಗೆ ಮಲಗಿಕೊಂಡೇ ಬೀಳುತ್ತದಂತೆ. ಅದಕ್ಕೇ ಅಡ್ಡ ಅಲೆ ಹೆಚ್ಚು ಮರಳುತ್ತದೆ, ಉದ್ದದ್ದು ಕಡಿಮೆ. ಎರಡರ ನಡುವಿನ ಅಂತರ ನೋಡಿ ಹನಿ ಎಷ್ಟು ಚಪ್ಪಟೆ, ಎಷ್ಟು ದಪ್ಪ ಎಂದು ಹೇಳಬಹುದು. ಹತ್ತು ಹರದಾರಿ ದೂರದ ಹನಿಯನ್ನು ಮುಟ್ಟದೆ ಅಳೆಯುವುದು. ದಾರಿಯುದ್ದಕ್ಕೂ ನಾನು ಅದನ್ನೇ ಮಾತಾಡುತ್ತಿದ್ದೆ. ನನಗೆಂದು ನೋಡಿದ ಸಂಕೇಶ್ವರದ ಹುಡುಗನ ಮನೆಯವರ ಬಗ್ಗೆ ಅಮ್ಮಿ ಹೇಳಿದ್ದು ನನಗೆ ಕೇಳಿಸಲೇ ಇಲ್ಲವಂತೆ.

ಕೊಗನೊಳ್ಳಿಯ ಪರಾತ ನೋಡಿಕೊಳ್ಳುವ ಮುರಗೆಪ್ಪ ಕಾಕಾ ಕೂಡ ಬಂದಿದ್ದರು. ಬಸ್ ಕಂಡಕ್ಟರ್ ಆಗಿದ್ದವರು, ಈಗ ನಿವೃತ್ತರು. ಐದು ಎಣಿಸುವುದನ್ನೂ ಟಿಕೆಟ್ ಎಣಿಸಿದಂತೆ ಬೆರಳಿಗೆ ಉಗುಳು ಹಚ್ಚಿಕೊಂಡೇ ಎಣಿಸುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿ ಎಲ್ಲಿ ನೋಡಿದರೂ 'ತಪ್ಪಿತು'.

ಜೂನ್ 12, ಗುರುವಾರ

ಬೆಳಗಿನಿಂದ ಮಳೆ. ಪುಣ್ಯಕ್ಕೆ ಕರೆಂಟ್ ಹೋಗಲಿಲ್ಲ, ಅಬ್ಬಾ ಖುಷಿ. ಏಳು ತಾಸು ಮಾಳಿಗೆಯ ಮೇಲೆ, ಪ್ಲಾಸ್ಟಿಕ್ ಹೊದ್ದುಕೊಂಡು. ಒಂದು ರೀಡಿಂಗೂ ತಪ್ಪಿಲ್ಲ. ಜೋಳ ಎಷ್ಟು ಅಂತೀರಿ, ಒಂದೊಂದು ಪರಾತದಲ್ಲಿ ಇಪ್ಪತ್ತು, ಇಪ್ಪತ್ತೈದು. ರಾಡಾರಿಗೆ ಇಷ್ಟು ದಪ್ಪ ಹನಿ ಕಾಣಲಿಲ್ಲವಂತೆ. ಯಂತ್ರಕ್ಕೆ ಕಾಣದ್ದು ನನಗೆ ಕಂಡಿತು.

ಜೂನ್ 15

ಮಧ್ಯಾಹ್ನ ಕರೆಂಟ್ ಹೋಯಿತು. ಮಳೆಯೂ ಬಂತು. ಸಣ್ಣ ಹನಿ. ಕೆಳಗಿನ ಓಣಿಯಲ್ಲಿ ಯಾರೋ ಮಗುವಿಗೆ ಲಾಲಿ ಹಾಡುವುದು ಕೇಳಿಸಿತು. ಚೆನ್ನಾಗಿತ್ತು.

ಜೂನ್ 27, ಶುಕ್ರವಾರ

ಚಿಕ್ಕೋಡಿಯಲ್ಲಿ ಎಲ್ಲ ಊರಿನವರ ಸಭೆ. ರಾಯಬಾಗ, ಅಥಣಿ, ಕಾಗವಾಡದವರೂ ಬಂದಿದ್ದರು. ಮನೀಷಾ ಮೇಡಂ ನನ್ನ ನೋಟ್‌ಬುಕ್ಕಿನ ಮುಂದಿನ ಪುಟಗಳನ್ನು ಎತ್ತಿ ಹಿಡಿದು, ಬರೆದರೆ ಹೀಗೆ ಬರೆಯಬೇಕು ಎಂದರು. ಅವರು ಪುಟ ತಿರುಗಿಸುತ್ತ ಹಿಂದಕ್ಕೆ ಹೋಗಿಬಿಟ್ಟರೆ ಎಂದು ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ರಾಡಾರ್ ಹನಿಗಳನ್ನು ಇರುವುದಕ್ಕಿಂತ ಗುಂಡಗೆ ನೋಡುತ್ತಿದೆಯೇನೋ ಎಂದು ಅವರಿಗೆ ಅನುಮಾನ ಬಂದಿದೆ. ಬೋರಗಾಂವದ ರೀಡಿಂಗ್ ಹಿಡಿದು ಯಂತ್ರಕ್ಕೆ ತಿದ್ದುಪಡಿ ಹಾಕುತ್ತಾರಂತೆ. ಕೊಗನೊಳ್ಳಿಯ ರೀಡಿಂಗ್ ರಾಡಾರಿಗೆ ಹೊಂದುತ್ತದಂತೆ, ಆದರೆ ಅಷ್ಟು 'ತಪ್ಪಿತು' ಇರುವ ನೋಟ್‌ಬುಕ್ಕನ್ನು ನಂಬುವುದು ಹೇಗೆ. ಮುರಗೆಪ್ಪ ಕಾಕಾರಿಗೆ ಇದು ಹಿಡಿಸಲಿಲ್ಲ. ಊಟದ ಹೊತ್ತಿಗೆ ನನ್ನ ಎದುರು ಬಂದು ಕೂತರು.

“ಏನಬೇ ನಾಜಿಮಾ, ನಿಮ್ಮೂರಾಗ ಮಳಿ ಬೀಳತೈತೋ, ಜ್ವಾಳ ಬೀಳತೈತೋ?”

“ನೀವು ಬಂದ ಎಣಿಸ್ರಿ ಕಾಕಾ,” ಎಂದೆ. “ಐದರ ಮ್ಯಾಲ ಎಣಿಸಾಕ ಬರತಿದ್ರ.”

ಎಲ್ಲರೂ ನಕ್ಕರು, ಅವರೂ ನಕ್ಕರು, ಆದರೆ ಭಜಿ ಅರ್ಧಕ್ಕೇ ಬಿಟ್ಟು ಎದ್ದರು.

ಹೊರಡುವಾಗ ಮನೀಷಾ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಆಗಸ್ಟಿನಲ್ಲಿ ರಾಡಾರ್ ಸೋಲಾಪುರದ ಕಡೆಗೆ ಹೋಗುತ್ತದೆ, ಒಣ ಸೀಮೆಯ ಮಳೆ ನೋಡಲು. ನೆಲದ ಕೆಲಸಕ್ಕೆ ಒಬ್ಬರು ಜೊತೆಗೆ ಬೇಕು. ನಾನೂ ಇನ್ನಿಬ್ಬರು ಹುಡುಗಿಯರೂ ಒಂದು ಮನೆ ಹಿಡಿದಿರುತ್ತೇವೆ, ಬರುತ್ತೀಯಾ ಎಂದರು. ನಾನು ಹೂಂ ಎನ್ನುವುದಕ್ಕೂ ಮೊದಲೇ ತಲೆ ಹೂಂ ಎಂದಿತ್ತು.

“ಮತ್ತ ಹತ್ತನೇತ್ತೆದ ಮಾರ್ಕ್ಸ್ ಕಾರ್ಡ್ ಒಂದ ಝೆರಾಕ್ಸ್ ಕೊಡು,” ಎಂದರು.

ತಲೆ ಅಲ್ಲಾಡುವುದು ನಿಂತಿತು.

ಜುಲೈ 2

ಝೆರಾಕ್ಸ್ ಕೇಳಿ ಅಮೋಲ ಮೆಸೇಜು ಹಾಕಿದ್ದಾನೆ. ನೋಡಿಲ್ಲದ ಹಾಗೆ ಇದ್ದೇನೆ. ನೋಡಿದ್ದೇನೆ.

ಸೋಲಾಪುರದ ವಿಷಯಕ್ಕೆ ಅಬ್ಬಾ ಬೇಡವೆನ್ನಲಿಲ್ಲ. ಮೇಡಂ ಮನೆಯ ವಿಳಾಸ, ಫೋನ್ ನಂಬರು ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡರು. ನಾಲ್ಕು ದಿನದಲ್ಲಿ ಮೂರು ಜನರಿಗೆ, ನಮ್ಮ ಹುಡುಗಿಯ ರೀಡಿಂಗ್ ಹಿಡಿದು ರಾಡಾರ್ ರಿಪೇರಿ ಮಾಡುತ್ತಾರೆ ಎಂದು ಹೇಳಿದ್ದು ನನ್ನ ಕಿವಿಗೇ ಬಿತ್ತು.

ಜುಲೈ 9, ಬುಧವಾರ

ನಿನ್ನೆ ಕರೋಶಿಯಲ್ಲಿ ಜಿಟಿಜಿಟಿ ಮಳೆ, ಗಾಳಿ ಇಲ್ಲ. ಅಂಥ ದಿನಕ್ಕೇ ಕಾಯುತ್ತಿದ್ದರಂತೆ. ರಾಡಾರಿನ ಕಡಾಯಿಯನ್ನು ನೆಟ್ಟಗೆ ಆಕಾಶಕ್ಕೆ ಮುಖ ಮಾಡಿಸಿ ನೋಡಿದರು. ಪಾವನ್ನು ಪಕ್ಕದಿಂದ ನೋಡಿದರೆ ಚಪ್ಪಟೆ, ಕೆಳಗಿನಿಂದ ನೋಡಿದರೆ ಗುಂಡು. ಹಾಗಾಗಿ ನೆಟ್ಟಗೆ ಮೇಲೆ ನೋಡಿದಾಗ ಅಡ್ಡ ಅಲೆಯೂ ಉದ್ದ ಅಲೆಯೂ ಸಮಸಮ ಬರಬೇಕು. ವ್ಯತ್ಯಾಸ ಬಂದರೆ ತಪ್ಪು ಮಳೆಯದ್ದಲ್ಲ, ಯಂತ್ರದ್ದು.

ಸಮಸಮ ಬಂದಿದೆ. ಯಂತ್ರಕ್ಕೆ ಏನೂ ಆಗಿಲ್ಲ.

ಹಾಗಾದರೆ ತಪ್ಪು ನೆಲದ ಮೇಲಿನ ಯಾರದೋ. ಮನೀಷಾ ಮೇಡಂ ಎಲ್ಲರಿಗೂ ಫೋನು ಮಾಡಿ ಪರಾತ, ಹಿಟ್ಟು, ಜರಡಿ ಏನಾದರೂ ಬದಲಾಯಿಸಿದ್ದೀರಾ ಎಂದು ಕೇಳಿದರು. ನಾನು ಏನೂ ಬದಲಾಯಿಸಿಲ್ಲ ಎಂದೆ. ನಿಜವೇ. ಮುರಗೆಪ್ಪ ಕಾಕಾರನ್ನು ಒಮ್ಮೆ ಸರಿಯಾಗಿ ವಿಚಾರಿಸಿ ಎಂದೂ ಸೇರಿಸಿದೆ.

ಜುಲೈ 13, ಭಾನುವಾರ

ತಪ್ಪು ನನ್ನದು.

ಸಂಜೆ ಮಾಳಿಗೆಯ ಮೇಲೆ ಪರಾತದ ಪಕ್ಕ ಸ್ಟೀಲಿನ ಲೋಟದಲ್ಲಿ ಚಹಾ ಇಟ್ಟುಕೊಂಡು ಕೂತಿದ್ದೆ. ಕರೆಂಟ್ ಹೋಯಿತು. ಮಗ್ಗ ನಿಂತವು. ಚಹಾ ನಿಂತಿತು.

ಚಹಾ ನಿಂತದ್ದನ್ನು ನೋಡಿದ ಮೇಲೆಯೇ ಅದು ಅಷ್ಟು ಹೊತ್ತು ನಡುಗುತ್ತಿತ್ತು ಎಂದು ನನಗೆ ತಿಳಿದದ್ದು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯ ಚಹಾ ನಡುಗುತ್ತಲೇ ಇದೆ. ಚಹಾ ಎಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಕರೆಂಟ್ ಬಂತು, ನಾಲ್ಕು ಮಗ್ಗದ ಲಾಳಿ ಓಡತೊಡಗಿದವು, ಲೋಟದಲ್ಲಿ ಮತ್ತೆ ಸಣ್ಣ ಸಣ್ಣ ಬಳೆಗಳು ಎದ್ದವು.

ಚಹಾ ನಡುಗಿದರೆ ಪರಾತ ನಡುಗುವುದಿಲ್ಲವೇ? ಅದರಲ್ಲಿ ಹಸಿ ಕಾಳು ಉರುಳಿ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲವೇ? ಅಮ್ಮಿ ಹಿಟ್ಟಿಗೆ ನೀರು ಚಿಮುಕಿಸಿ ತಟ್ಟೆ ಅಲುಗಾಡಿಸಿದಾಗ ಆಗುವುದೂ ಅದೇ ಅಲ್ಲವೇ?

ಚಹಾ ಕುಡಿಯಲಿಲ್ಲ.

ಜುಲೈ 14, ಸೋಮವಾರ

ಅಂದಾಜು ಹಾಕಬಾರದು ಎಂಬುದು ನಿಯಮ. ಹಾಗಾಗಿ ಮಾಡಿ ನೋಡಿದೆ. ಮಗ್ಗ ಓಡುತ್ತಿರುವಾಗ ಔಷಧದ ಡ್ರಾಪರಿನಿಂದ ಪರಾತಕ್ಕೆ ನೂರು ಹನಿ ಹಾಕಿದೆ. ಕರೆಂಟ್ ಹೋಗುವವರೆಗೆ ಕಾದು ಇನ್ನೊಂದು ಪರಾತಕ್ಕೆ ನೂರು. ಓಡುವಾಗ ಸಿಕ್ಕ ಕಾಳು ಎಪ್ಪತ್ತೊಂದು. ನಿಂತಾಗ ತೊಂಬತ್ತೆಂಟು. ಎಪ್ಪತ್ತೊಂದರಲ್ಲಿ ಹತ್ತೊಂಬತ್ತು ಜೋಳಕ್ಕೆ ಸಮ.

ಬೋರಗಾಂವದ ದಪ್ಪ ಹನಿಗಳು ಆಕಾಶದಿಂದ ಬಿದ್ದದ್ದಲ್ಲ. ಅಬ್ಬಾನ ಮಗ್ಗ ಮಾಡಿದ್ದು. ಬೇರೆ ಯಾವ ಊರಿನವರಾದರೂ ಈ ಮಾಳಿಗೆಗೆ ಕಾಲಿಟ್ಟ ಕೂಡಲೇ, ಇದೇನು ನೆಲ ನಡುಗುತ್ತಿದೆ ಎನ್ನುತ್ತಿದ್ದರು. ಅಮೋಲ ಬಂದದ್ದು ಕರೆಂಟ್ ಇಲ್ಲದ ದಿನ. ನಾವು ನಡುಕದಲ್ಲೇ ಹುಟ್ಟಿದವರು.

ಹೇಳುವುದು ಹೇಳುತ್ತೇನೆ. ಅದರಲ್ಲಿ ಎರಡು ಮಾತಿಲ್ಲ. ಸೋಲಾಪುರ ಹೋಯಿತು, ಅಷ್ಟೇ. ತಪ್ಪು ಪರಾತದವಳನ್ನು ಯಾರು ಕರೆದೊಯ್ಯುತ್ತಾರೆ.

ಆದರೆ ತೊಡಕು ಬೇರೆ ಇದೆ. ಎಲ್ಲ ರೀಡಿಂಗೂ ಹಾಳಲ್ಲ. ಮೂವತ್ತೊಂದು ಮಳೆಯ ದಿನಗಳಲ್ಲಿ ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಆ ಹನ್ನೊಂದು ಸರಿ ಇವೆ, ತಾಳೆ ನೋಡಿದೆ. ಯಾವ ದಿನ ಎಂಬುದು ಮುಂದಿನ ಪುಟಗಳಲ್ಲಿಲ್ಲ, ಅಲ್ಲಿ ಕರೆಂಟಿಗೆ ಕಾಲಮ್ಮೇ ಇಲ್ಲ. ಇರುವುದು ಇಲ್ಲಿ, ಹಿಂದಿನ ಪುಟಗಳಲ್ಲಿ, ನನ್ನ ಹಬ್ಬಗಳ ಲೆಕ್ಕದಲ್ಲಿ. ಲೈನ್‌ಮನ್ನನನ್ನು ಕೇಳಿದೆ. “ಕರೆಂಟ್ ಹೋಗಿದ್ದೆಲ್ಲಾ ಬರ್ಕೋಂತ ಕುಂತ್ರ ಕಂಬ ಯಾರ ಹತ್ತಬೇಕವ್ವಾ?” ಎಂದ.

ನಕಲು ಮಾಡಿ ಕೊಡುವಂತಿಲ್ಲ, ಆವತ್ತು ಬರೆದ ಪುಟವೇ ಬೇಕು. ಆವತ್ತು ಬರೆದ ಪುಟಗಳ ಮೊದಲ ಸಾಲೇ 'ನಾನು ಗಣಿತದಲ್ಲಿ ಫೇಲಾಗಿಲ್ಲ'.

ಆ ಒಂದು ಹಾಳೆ ಕಿತ್ತುಬಿಡೋಣ ಎಂದು ಹಿಡಿದೆ. ನಡುವೆ ದಾರ ಹಾಕಿ ಹೊಲಿದ ನೋಟ್‌ಬುಕ್ ಇದು. ಕೊನೆಯ ಹಾಳೆ ಎಳೆದರೆ ಅದರ ಜೋಡಿ, ಮೊದಲನೆಯ ಹಾಳೆ, ಕಳಚಿ ಬರುತ್ತದೆ. ಮೊದಲ ಹಾಳೆಯಲ್ಲಿ ಮೇ 26ರ ಮಳೆ ಇದೆ. ಕರೆಂಟ್ ಇಲ್ಲದ ಮೊದಲ ದಿನ, ಮೂರೇ ಜೋಳ.

ಕಿತ್ತಿಲ್ಲ.

ಜುಲೈ 16, ಬುಧವಾರ

ಪರರು ಓದುವ ಮೊದಲು ಅಬ್ಬಾಗೆ ನನ್ನ ಬಾಯಿಂದ ತಿಳಿಯಬೇಕು. ಮಧ್ಯಾಹ್ನ ಊಟವಾದ ಮೇಲೆ ಹೇಳಿದೆ. ಬಸ್ಸು, ನಿಪ್ಪಾಣಿ, ವಡಾಪಾವ್, ಎಲ್ಲ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಹರಿದ ನೂಲು ಗಂಟು ಹಾಕುತ್ತಿದ್ದವರು ಹಾಕುತ್ತಲೇ ಇದ್ದರು. ಎರಡು ಸಲ ಗಂಟು ಜಾರಿತು. ಅವರ ಕೈಯಲ್ಲಿ ಗಂಟು ಜಾರಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

“ಹಂಗಾರ ನಾ ಮಾಸ್ತರ ಮನಿಗೆ ಯಾಕ ಹೋಗಿದ್ದೆ?” ಎಂದರು.

ಎದ್ದು ಮಗ್ಗ ಚಾಲೂ ಮಾಡಿದರು.

ಜುಲೈ 17, ಗುರುವಾರ

ಅಮೋಲ ನೋಟ್‌ಬುಕ್ ಒಯ್ಯಲು ಹತ್ತು ನಿಮಿಷದಲ್ಲಿ ಬರುತ್ತಾನೆ. ಮೇಡಂ, ನೀವು ಇದನ್ನು ಹಿಂದಿನಿಂದ ಓದಿ. ಅಕ್ಷರ ಚೆನ್ನಾಗಿಲ್ಲ, ಮಾತು ಸರಿ ಇದೆ.

ಜುಲೈ 25, ಶುಕ್ರವಾರ

ನೋಟ್‌ಬುಕ್ ಮರಳಿ ಬಂತು. ಎಂಟು ದಿನ ಬರೆಯಲು ಏನೂ ಇಲ್ಲದೆ ಕಂಡಿಕೆ ಸುತ್ತುವ ಯಂತ್ರದೊಂದಿಗೆ ಮಾತಾಡುತ್ತಿದ್ದೆ. ಪುಟಗಳ ಅಂಚಿನಲ್ಲಿ ಹನ್ನೊಂದು ಕಡೆ ಪೆನ್ಸಿಲ್ಲಿನ ಸಣ್ಣ ಸರಿ ಗುರುತು. ಬೇರೆ ಎಲ್ಲೂ ಏನೂ ಗೀಚಿಲ್ಲ.

ತಂದವರು ಮನೀಷಾ ಮೇಡಂ ತಾವೇ. ಸಿಟ್ಟಾಗಿದ್ದರು, ಮುಚ್ಚಿಡಲಿಲ್ಲ. ಇಪ್ಪತ್ತು ದಿನದ ರೀಡಿಂಗ್ ಕಸದ ಬುಟ್ಟಿಗೆ. ತಿದ್ದುಪಡಿ ಹಾಕಲು ಕೂತ ಎರಡು ವಾರ ನೀರಿಗೆ. ಮಾಳಿಗೆ ನೋಡದೆ ಪರಾತ ಇಟ್ಟದ್ದು ತಮ್ಮ ತಪ್ಪು ಎಂದೂ ಹೇಳಿದರು. ಆಮೇಲೆ ಮಾಳಿಗೆಗೆ ಬಂದು ಬರಿಗಾಲಲ್ಲಿ ನಿಂತರು. ಕೆಳಗೆ ಮಗ್ಗ ಓಡುತ್ತಿದ್ದವು.

“ಅವ್ವಾ,” ಎಂದರು, “ಹಲ್ಲ ಸೈತ ನಡಗಾಕತ್ತಾವಲ್ಲ.”

ನನಗೆ ನಗು ಬಂತು. ಅವರಿಗೂ ಬಂತು, ತಡೆದುಕೊಂಡರು. ನಂತರ ಪರಾತದ ಪಕ್ಕ ಕೂತು ಕೇಳಿದರು.

“ಮೂರು ತಾಸು ಕೂಡ್ರಾಕ ಆಗಂಗಿಲ್ಲಂತ ಪರೀಕ್ಷಾ ಬಿಟ್ಟಿ. ಜೂನ್ ಹನ್ನೆರಡಕ್ಕ ಏಳು ತಾಸು ಹೆಂಗ ಕುಂತಿ?”

“ಅದು ಬೆಂಚಲ್ರೀ ಮೇಡಂ,” ಎಂದೆ. “ಮಾಳಿಗಿ.”

ಅವರು ಹಣೆ ಚಚ್ಚಿಕೊಂಡರು. ನಾನು ಹೇಳಿದ್ದರಲ್ಲಿ ತಪ್ಪೇನಿದೆಯೋ ಗೊತ್ತಾಗಲಿಲ್ಲ.

ಸೋಲಾಪುರದ ಆ ಕೆಲಸ ನನಗಿಲ್ಲ. ಪಾಸಾದ ಮಾರ್ಕ್ಸ್ ಕಾರ್ಡ್ ಇಲ್ಲದೆ ಕಾಗದ ಮುಂದೆ ಹೋಗುವುದಿಲ್ಲ, ಬೇರೆ ಒಬ್ಬಳನ್ನು ತೆಗೆದುಕೊಳ್ಳುತ್ತಾರೆ. ತಲೆ ಆಡಿಸಿದೆ. ಆಗ ಅವರು, ದಿನಗೂಲಿಯ ಮೇಲೆ ಪರಾತ ಹಿಡಿಯಲು, ಜರಡಿ ಹಿಡಿಯಲು ಒಬ್ಬರನ್ನು ಇಟ್ಟುಕೊಳ್ಳಬಹುದು, ಅದಕ್ಕೆ ಯಾರೂ ಕಾಗದ ಕೇಳುವುದಿಲ್ಲ ಎಂದರು. ಬೇರೆ ಹುಡುಗಿಗಿಂತ ಕೆಳಗಿನ ಕೆಲಸ. ಅದೂ ಬಿಟ್ಟ ಗಣಿತ ಪರೀಕ್ಷೆಗೆ ಮತ್ತೆ ಫಾರ್ಮ್ ತುಂಬುವುದಾದರೆ ಮಾತ್ರ. ನಿಮ್ಮ ಮನೆಯಲ್ಲಿ ಒಪ್ಪಿದರೆ ಮಾತ್ರ.

ನಾನಂತೂ ಒಪ್ಪಿಯಾಗಿದೆ. ಮನೆ ಉಳಿದಿದೆ. ಒಂಬತ್ತು ದಿನದಿಂದ ಅಬ್ಬಾ ನನ್ನೊಂದಿಗೆ ಮಾತಾಡಿಲ್ಲ.

ಮುರಗೆಪ್ಪ ಕಾಕಾರಿಗೆ ಫೋನು ಮಾಡಿ, ನಿಮ್ಮ ರೀಡಿಂಗೇ ಸರಿ ಇದ್ದವು, ನನ್ನವು ತಪ್ಪು, ನಿಮ್ಮ ಮೇಲೆ ಮೇಡಂ ಮುಂದೆ ಚಾಡಿಯನ್ನೂ ಹೇಳಿದ್ದೆ ಎಂದೆ.

“ಮೂವತ್ತಾರು ವರ್ಷ ಬಸ್ಸಿನ್ಯಾಗ ಅಡ್ಡಾಡಿದೆ,” ಎಂದರು. “'ಕಾಕಾ, ನಿಮ್ಮದ ಸರಿ ಐತಿ' ಅಂದಾಕಿ ನೀನ ಮೊದಲನೇಕಿ ನೋಡು.”

ಜುಲೈ 28, ಸೋಮವಾರ

ಹಾಲಸಿದ್ದ ಮಾಸ್ತರರ ಮನೆಗೆ ಹೋದೆ. ಹೊಲದ ದಾರಿಯಲ್ಲೇ ಹೋದೆ, ಅವರು ಎರಡು ವರ್ಷ ನಡೆದ ದಾರಿ. ಕೆಸರಿನಲ್ಲಿ ಚಪ್ಪಲಿ ಎರಡು ಸಲ ಸಿಕ್ಕಿಕೊಂಡಿತು. ಬಾಗಿಲಲ್ಲೇ ನಿಂತು ಎಲ್ಲ ಹೇಳಿ ಮುಗಿಸಿದೆ, ಒಳಗೆ ಕೂತರೆ ಹೇಳಲಾಗದು ಎಂದು.

“ಗೊತ್ತಿತ್ತ,” ಎಂದರು ಮಾಸ್ತರರು. “ರಿಸಲ್ಟಿನ ಪಟ್ಟಿ ಸಾಲಿಗೇ ಬರತೈತಿ. ನಿನ್ನ ಹೆಸರಿನ ಮುಂದ ಗೈರುಹಾಜರಿ ಅಂತ ಇತ್ತ.”

ಹಾಗಾದರೆ ಅಬ್ಬಾ ಬೈದಾಗ ಯಾಕೆ ಹೇಳಲಿಲ್ಲ ಎಂದೆ.

“ನಾ ಹೇಳಿದ್ರ ನಿಮ್ಮಪ್ಪ ನಿನ್ನ ಹೊಡೀತಿದ್ದ. ನೀನ ಹೇಳತಿ ಅಂತ ಕಾಯಾಕತ್ತಿದ್ದೆ. ಬಾಳ ತಡಾ ಮಾಡಿದಿ.”

ಅಳಬಾರದು ಎಂದು ನಿರ್ಧರಿಸಿ ಹೋಗಿದ್ದೆ. ಆಗಲಿಲ್ಲ. ಅವರ ಹೆಂಡತಿ ಚಹಾ ತಂದುಕೊಟ್ಟರು. ಆ ಮನೆಯ ಚಹಾ ನಡುಗುವುದಿಲ್ಲ. ಹಳೆಯ ಗಣಿತದ ಪುಸ್ತಕ ಕೊಟ್ಟು ಮಾಸ್ತರರು, ಫಾರ್ಮಿಗೆ ಶಾಲೆಯ ಸಹಿ ನಾನೇ ಮಾಡಿಸುತ್ತೇನೆ ಎಂದರು.

ಜುಲೈ 30

ಸಹಿಯಾದ ಫಾರ್ಮ್ ಹಿಡಿದು ಮಾಸ್ತರರು ನಮ್ಮ ಓಣಿಯಲ್ಲೇ ಬಂದರು. ಅಬ್ಬಾ ಬಾಗಿಲಲ್ಲಿ ನಿಂತಿದ್ದರು. ಅಬ್ಬಾ ಇಳಿದು ಹೋಗಿ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡರು. ಏನು ಮಾತಾಡಿದರೋ, ಮಗ್ಗದ ಸದ್ದಿನಲ್ಲಿ ಕೇಳಲಿಲ್ಲ.

ನನ್ನೊಂದಿಗೆ ಮಾತು ಇನ್ನೂ ಇಲ್ಲ.

ಆಗಸ್ಟ್ 2, ಶನಿವಾರ

ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿತು. ಬೋರಗಾಂವದ ಪರಾತವನ್ನು ನಾಳೆ ಎತ್ತಿಬಿಡುತ್ತಾರೆ. ತಪ್ಪೇ ಬರುತ್ತದೆ ಎಂದು ಗೊತ್ತಿದ್ದರೂ ಹಿಟ್ಟು ಹರವಿ ಕೂತೆ. ಸುಮ್ಮನಿರಲಾಗಲಿಲ್ಲ. ಮಗ್ಗ ಓಡುತ್ತಿವೆ ಎಂದು ಮುಂದಿನ ಪುಟದಲ್ಲಿ ಮೊದಲೇ ಬರೆದಿಟ್ಟೆ.

ಮೊದಲ ಹನಿ ಬಿತ್ತು. ಒಂದು ಮಗ್ಗ ನಿಂತಿತು. ದಾರ ಹರಿದಿರಬೇಕು ಎಂದುಕೊಂಡೆ. ಎರಡನೆಯದು ನಿಂತಿತು. ಮೂರನೆಯದು. ಕರೆಂಟ್ ಹೋದರೆ ಎಲ್ಲ ಒಮ್ಮೆಲೇ ನಿಲ್ಲುತ್ತವೆ, ಹೀಗೆ ಒಂದೊಂದಾಗಿ ನಿಲ್ಲುವುದಿಲ್ಲ. ಪಕ್ಕದ ಮನೆಯಲ್ಲಿ ಬಲ್ಬು ಉರಿಯುತ್ತಲೇ ಇತ್ತು. ನಾಲ್ಕನೆಯದೂ ನಿಂತಿತು.

ಮೆಟ್ಟಿಲ ಮೇಲೆ ಅಬ್ಬಾ. ತಲೆಯ ಮೇಲೆ ಟವೆಲ್, ಕೈಯಲ್ಲಿ ನೂಲಿನ ತುಣುಕು. ಅವರ ನಲವತ್ತು ವರ್ಷದ ನೇಯ್ಗೆಯಲ್ಲಿ ಕರೆಂಟ್ ಇದ್ದಾಗ ಎಲ್ಲ ಮಗ್ಗ ನಿಲ್ಲಿಸಿದ್ದು ಅಜ್ಜಿ ತೀರಿಕೊಂಡ ದಿನ ಮಾತ್ರ ಎಂದು ಅಮ್ಮಿ ಹೇಳುತ್ತಿರುತ್ತಾಳೆ.

“ಎಷ್ಟ ಹೊತ್ತ ಬೇಕ?” ಎಂದರು. ಹದಿನೇಳು ದಿನದ ಮೇಲೆ ಮೊದಲ ಮಾತು.

“ಮಳಿ ನಿಲ್ಲುತನಾ,” ಎಂದೆ.

ಅವರು ಪರಾತದ ಆಚೆ ಬದಿಗೆ ಕುಕ್ಕರುಗಾಲಲ್ಲಿ ಕೂತರು. ನಾನು ಮುಚ್ಚಳ ತೆಗೆದೆ. ಐದು ಅವರೇ ಎಣಿಸಿದರು, ಉರ್ದುವಿನಲ್ಲಿ, ಮೆಲ್ಲಗೆ. ಹೀಗೆ ಒಂದೂವರೆ ತಾಸು. ಹಾಸು ಹೊಕ್ಕಿನ ರಾಡಾರ್ ಹೇಗೆ ನೋಡುತ್ತದೆ ಎಂದು ಕೇಳಿದರು, ಹೇಳಿದೆ. ಪಾವಿನ ಆಕಾರ ಹೇಳುವಾಗ ಇಬ್ಬರೂ ಒಂದು ಕ್ಷಣ ಬೇರೆ ಬೇರೆ ಕಡೆ ನೋಡಿದೆವು. ಮಳೆ ನಿಂತ ಮೇಲೆ ಅವರು ಕೆಳಗಿಳಿದು ಹೋದರು, ಮಗ್ಗಗಳು ಒಂದೊಂದಾಗಿ ಚಾಲೂ ಆದವು.

ಸಂಜೆ ಪರಾತಗಳು ಒಣಗಿದ ಮೇಲೆ ಸೋಸಿದೆ. ಎಲ್ಲ ಸೇರಿ ಜೋಳ ನಾಲ್ಕು. ರಾಡಾರ್ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ ಎಂದು ಅಮೋಲ ತಿಳಿಸಿದ. 'ಮಗ್ಗ ಓಡುತ್ತಿವೆ' ಎಂಬುದನ್ನು ಹೊಡೆದು 'ಅಬ್ಬಾ ನಿಲ್ಲಿಸಿದರು' ಎಂದು ಬರೆದೆ. ಮುಂದಿನ ಪುಟಗಳೂ ಹಿಂದಿನ ಪುಟಗಳೂ ಈಗ ನಡುವಿನ ದಾರದ ಹತ್ತಿರ ಬಂದು ಸೇರಿವೆ, ಇನ್ನು ಜಾಗವಿಲ್ಲ.

ಅಮ್ಮಿ ಚೀಲದಲ್ಲಿ ಚಟ್ನಿಪುಡಿ ಇಟ್ಟಿದ್ದಾಳೆ, ಗಣಿತದ ಪುಸ್ತಕ ಅಬ್ಬಾ ಇಟ್ಟಿದ್ದಾರೆ. ಟ್ರಕ್ ಆರು ಗಂಟೆಗೆ ಬರುತ್ತದೆ. ನಾಳೆ ಸೋಲಾಪುರಕ್ಕೆ ಹೊರಡುತ್ತೇನೆ.